ಗ್ಲಾಸ್ ಎಂಬ ಬಣ್ಣ

ನಿಘಂಟಿನ ಕಚೇರಿಯಲ್ಲಿ ಆ ಚಳಿಗಾಲ
ನನ್ನ ಪಾಲಿಗೆ ಬಂದದ್ದು ವೇಲ್ಸಿನ ಒಂದೇ ಒಂದು ಗುಣವಾಚಕ:
ಗ್ಲಾಸ್.
ಕುಡಿಯುವ ಗ್ಲಾಸಲ್ಲ, ಬಣ್ಣ.
ಯಾವ ಬಣ್ಣ ಎನ್ನಬೇಡಿ,
ಅದನ್ನು ಹೇಳಲಿಕ್ಕೇ ನನಗೆ ಸಂಬಳ.

ಕಡಲು ಗ್ಲಾಸ್, ಆಕಾಶ ಗ್ಲಾಸ್.
ನೀಲಿ ಎಂದು ಬರೆದು ಗೆರೆ ಎಳೆದೆ.
ಹುಲ್ಲೂ ಗ್ಲಾಸ್.
ಗೆರೆ ಅಳಿಸಿದೆ.
ಬೂದು ಕುದುರೆ, ಬೆಳ್ಳಿಯ ಚಿಲ್ಲರೆ,
ಸೂರಿಗೆ ಹೊದಿಸುವ ಸ್ಲೇಟುಕಲ್ಲು, ಅದೂ ಗ್ಲಾಸ್.
ಬೆಳಕು ಹರಿಯುವ ಮುನ್ನಿನ ನಸುಕು ದಿನದ ಗ್ಲಾಸ್,
ಮಿಂಚುಳ್ಳಿ ಹೊಳೆದಡದ ಗ್ಲಾಸ್,
ಮೀಸೆ ಚಿಗುರದ ಹಸಿಹುಡುಗ ಗ್ಲಾಸ್-ಹುಡುಗ,
ಬಡವರು ಹಾಲಿಗೆ ನೀರು ಬೆರೆಸಿ ಕುಡಿದದ್ದು ಗ್ಲಾಸ್-ನೀರು.
ಮನಸ್ಸಿಲ್ಲದೆ ತುಟಿಯಂಚಿನಲ್ಲಿ ನಕ್ಕರೆ
ಆ ನಗೆಗೂ ಇದೇ ಬಣ್ಣ.

ಇನ್ನೊಂದು ವಿಷಯ:
ಹೆಣ್ಣುಪದದ ಹಿಂದೆ ನಿಂತಾಗ ಇದು
ತನ್ನ ಗಕಾರ ತೆಗೆದು ಬರೀ ಲಾಸ್ ಆಗುತ್ತದೆ,
ಚಾಪೆಲ್ಲಿನ ಬಾಗಿಲಲ್ಲಿ
ಟೊಪ್ಪಿ ತೆಗೆದು ನಿಂತ ಗಣಿಯವನ ಹಾಗೆ.

ಶಾಲೆಯವರು ಹಸಿರಿಗೆ ಬೇರೆ ಪದ ಕೊಟ್ಟಿದ್ದಾರೆ.
ಬಣ್ಣದ ಪೆನ್ಸಿಲಿಗೆ, ಟ್ರಾಫಿಕ್ ದೀಪಕ್ಕೆ, ಮಕ್ಕಳು ಅದನ್ನೇ ಹೇಳುತ್ತಾರೆ.
ಗ್ಲಾಸ್ ಈಗ ಹಸಿರಾಗುವುದು
ಹುಲ್ಲಿನ ಹೆಸರಿನಲ್ಲಿ, ಪದ್ಯದಲ್ಲಿ,
ಮತ್ತೆ ಗೋರಿಯ ಮೇಲೆ.

ಒಂಬತ್ತು ಅರ್ಥ, ಬೂಟಿನ ಒಂಬತ್ತು ಡಬ್ಬ.
ಚೀಟಿಗಳನ್ನು ಹಂಚಿ ಮುಗಿಯಿತು ಅನ್ನುವಾಗ
ಹ್ರೀಡ್‌ಲಾಸಿನ ತೆಗ್ವೆನ್ ಪ್ರದರ್ಕಳಿಂದ ಇನ್ನೊಂದು ಬಂತು:
‘ಬೆಟ್ಟ ಇವತ್ತು ಗ್ಲಾಸ್.
ಹೇಳಿದವರು: ನನ್ನ ಗಂಡ ಈವೊರ್.’
ತಾರೀಖಿಲ್ಲ. ಬರೆದು ಕೇಳಿದೆ.
ಉತ್ತರ ಬಂತು: ‘ಸ್ಲೇಟಿಗೆ ತಾರೀಖು ಯಾರು ಹಾಕುತ್ತಾರೆ?’

ಎರಡು ಬಸ್ಸು ಬದಲಿಸಿ ಹೋದೆ.
ಈವೊರ್ ನಲವತ್ತು ವರ್ಷ ಕಲ್ಲು ಸೀಳಿದವನು.
ಕಲ್ಲಿನ ಪುಡಿ ಎದೆಯೊಳಗೆ ಮನೆ ಮಾಡಿ
ಕೊನೆಗೆ ಮಾತಿಗೆ ಸಾಕಾಗುವಷ್ಟು ಉಸಿರು ಉಳಿಯಲಿಲ್ಲ.
ಆಮೇಲೆ ಎಲ್ಲ ಸ್ಲೇಟಿನ ಮೇಲೆ, ಬಳಪದಲ್ಲಿ:
ಚಹಾ. ದಿಂಬು. ಕಿಟಕಿ ತೆಗೆ.
ಅವಳು ಓದಿ, ಸೆರಗಿಲ್ಲದ ಊರಲ್ಲವೇ,
ಏಪ್ರನ್ನಿನ ತುದಿಯಿಂದ ಒರೆಸುವಳು.
ಇದೊಂದನ್ನು ಒರೆಸಲಿಲ್ಲ.

ಅವನ ಕುರ್ಚಿಯಲ್ಲಿ ಕೂತು ನೋಡಿದೆ.
ಹನ್ನೊಂದಕ್ಕೆ ಬೆಟ್ಟ ಕುರಿ ಮೇಯುವ ಹಸಿರು.
ಮಳೆಯೊಂದು ಹಾದು ಹೋಯಿತು,
ಗಣಿಯ ಕಲ್ಲುರಾಶಿ ಒದ್ದೆಯಾಗಿ ಬೂದು.
ನಾಲ್ಕಕ್ಕೆ ಎಲ್ಲ ನೀಲಿ,
ದೂರದಲ್ಲಿ ಯಾರೋ ಮಡಿಸಿಟ್ಟ ಬಟ್ಟೆಯಂತೆ.
‘ಎಷ್ಟು ಗಂಟೆಗೆ ಬರೆದದ್ದು?’
‘ಔಷಧದ ಹೊತ್ತಿಗೆ.’
‘ಔಷಧ ಯಾವಾಗ?’
‘ದಿನಕ್ಕೆ ನಾಲ್ಕು ಸಲ.’
ತೆಗ್ವೆನ್ ನಕ್ಕಳು.
ಆ ನಗೆ ನನ್ನ ಏಳನೆಯ ಡಬ್ಬದ್ದು.

‘ನಿಮಗೇನು ಅನ್ನಿಸುತ್ತದೆ?’ ಎಂದೆ.
‘ಅವನಿಗೆ ಬೆಟ್ಟ ಕಾಣಿಸಿತು,
ನನಗೆ ಹೇಳಬೇಕು ಅನ್ನಿಸಿತು’ ಎಂದು
ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು.
ಹತ್ತನೆಯ ಡಬ್ಬ ತರಲು ಕಚೇರಿಯಲ್ಲಿ ದುಡ್ಡಿರಲಿಲ್ಲ.

ಸಂಪುಟ ಅಚ್ಚಾದಾಗ ಈವೊರ್‌ನ ವಾಕ್ಯ
ಮೊದಲ ಅರ್ಥದ ಕೆಳಗಿತ್ತು: ನೀಲಿ.
ತೀರ್ಮಾನ ಮೇಲಿನವರದು, ಸಹಿ ನನ್ನದು.
ಅವಳಿಗೊಂದು ಪ್ರತಿ ಕಳಿಸಿ
ಬೈಗುಳಕ್ಕೆ ಕಾದೆ.

ವಾರದ ನಂತರ ಒಂದು ಕಾರ್ಡು:
‘ಪುಸ್ತಕ ತಲುಪಿತು. ಒಳ್ಳೆ ದಪ್ಪ.
ಗಾಳಿಗೆ ಬಡಿದುಕೊಳ್ಳುವ ಕಿಟಕಿಗೆ
ಒತ್ತುಕೊಡಲು ಇಂಥದೊಂದು ಬೇಕಿತ್ತು.
ಮೂರು ದಿನದಿಂದ ಮಂಜು.
ಬೆಟ್ಟ ಇದೆಯೋ ಇಲ್ಲವೋ ಗೊತ್ತಾಗುತ್ತಿಲ್ಲ.
ತೆರೆದಿಟ್ಟಿದ್ದೇನೆ.’